ದೂರದರ್ಶಕ ಗೌರಿಬಿದನೂರಿನಲ್ಲಿ, ಸಮ್ಮೇಳನ ದೆಹಲಿಯಲ್ಲಿ: ಆತಿಥೇಯರು ಸಿಗುವುದು ಯಾಕಿಷ್ಟು ಕಷ್ಟ?

2025ರ ಮೇ 7ರಿಂದ 9ರವರೆಗೆ ದೆಹಲಿಯಲ್ಲಿ ಜಾಗತಿಕ ಬಾಹ್ಯಾಕಾಶ ಅನ್ವೇಷಣಾ ಸಮ್ಮೇಳನ ನಡೆಯಿತು. ಹಲವು ದೇಶಗಳ ವಿಜ್ಞಾನಿಗಳು, ಬಾಹ್ಯಾಕಾಶ ಸಂಸ್ಥೆಗಳ ಪ್ರತಿನಿಧಿಗಳು ಬಂದರು. ಅದಕ್ಕೆ ಸುಮಾರು ಒಂದೂವರೆ ವರ್ಷ ಮೊದಲು ಬಂದ ಸುದ್ದಿಯೇ ಬೇರೆ. 1914ರಲ್ಲಿ ಶುರುವಾದ ಭಾರತೀಯ ವಿಜ್ಞಾನ ಕಾಂಗ್ರೆಸ್‌ಗೆ ಜಾಗ ಕೊಡಬೇಕಿದ್ದ ವಿಶ್ವವಿದ್ಯಾಲಯ ಕೊನೆ ಗಳಿಗೆಯಲ್ಲಿ ಹಿಂದೆ ಸರಿಯಿತು. 2024ರ ಜನವರಿಯ ಅಧಿವೇಶನ ನಡೆಯಲೇ ಇಲ್ಲ.

ಎರಡೂ ಸುದ್ದಿ ಓದಿದವರಿಗೆ ಗೊಂದಲ ಆಗುವುದು ಸಹಜ. ಚಂದ್ರನ ಮೇಲೆ ನೌಕೆ ಇಳಿಸಿದ ದೇಶದಲ್ಲಿ ನಾಲ್ಕು ದಿನ ವಿಜ್ಞಾನದ ಸಭೆ ನಡೆಸಲು ಒಂದು ಸಂಸ್ಥೆ ಸಿಗುವುದಿಲ್ಲ ಅಂದರೆ ಏನರ್ಥ? ಚಿಕ್ಕಬಳ್ಳಾಪುರ ಜಿಲ್ಲೆಯವರಿಗೆ ಇನ್ನೂ ಒಂದು ಪ್ರಶ್ನೆ ಇದೆ. ಗೌರಿಬಿದನೂರಿನ ಹತ್ತಿರ 1976ರಿಂದ ರೇಡಿಯೋ ದೂರದರ್ಶಕ ಇದೆ. ಬೆಂಗಳೂರಿನ ವಿಮಾನ ನಿಲ್ದಾಣ ಜಿಲ್ಲೆಯ ಬಾಗಿಲಲ್ಲೇ ಇದೆ. ಆದರೂ ಬಾಹ್ಯಾಕಾಶ ವಿಜ್ಞಾನದ ಸಮ್ಮೇಳನ ಅಂದರೆ ದೆಹಲಿ, ಇಲ್ಲವೇ ಬೆಂಗಳೂರು. ಇದು ಯಾಕೆ?

ಉತ್ತರ ಸಭಾಂಗಣದಲ್ಲಿ ಇಲ್ಲ. ನಷ್ಟವಾದರೆ ಹೊರುವವರು ಯಾರು, ತಪ್ಪಾದರೆ ಉತ್ತರ ಕೊಡುವವರು ಯಾರು ಅನ್ನುವುದರಲ್ಲಿ ಇದೆ.

ಆತಿಥೇಯ ಸಂಸ್ಥೆ ಅಂದರೆ ಒಂದೇ ಸಂಸ್ಥೆ ಅಲ್ಲ

ಮದುವೆ ಛತ್ರ ಗೊತ್ತುಮಾಡಿದ ಹಾಗೆ ಸಮ್ಮೇಳನಕ್ಕೂ ಒಂದು ಜಾಗ ಹಿಡಿದರೆ ಮುಗಿಯಿತು ಅಂತ ನಾವು ಅಂದುಕೊಳ್ಳುತ್ತೇವೆ. ನಿಜದಲ್ಲಿ ಒಳಗೆ ನಾಲ್ಕು ಬೇರೆ ಬೇರೆ ಕೆಲಸಗಳಿವೆ. ಯಾರು ಮಾತಾಡಬೇಕು, ಯಾವ ಪ್ರಬಂಧ ಒಪ್ಪಬೇಕು ಅನ್ನುವುದನ್ನು ವೈಜ್ಞಾನಿಕ ಸಮಿತಿ ತೀರ್ಮಾನಿಸುತ್ತದೆ. ಆಹ್ವಾನ ಪತ್ರಕ್ಕೆ ಸಹಿ ಹಾಕಿ, ಬ್ಯಾಂಕ್ ಖಾತೆ ತೆರೆದು, ತೆರಿಗೆ ಕಟ್ಟಿ, ಲೆಕ್ಕಪರಿಶೋಧಕರಿಗೆ ಉತ್ತರ ಕೊಡಲು ಕಾನೂನಿನ ದೃಷ್ಟಿಯ ಆತಿಥೇಯರು ಬೇಕು. ದುಡ್ಡು ಕೊಡುವವರು ಬೇರೆ. ಜಾಗ, ಊಟ, ವಸತಿ ನೋಡಿಕೊಳ್ಳುವವರು ಮತ್ತೆ ಬೇರೆ.

ಈ ನಾಲ್ಕೂ ಒಂದೇ ಕಡೆ ಇರುವುದು ಅಪರೂಪ. ಮೇಲೆ ಹೇಳಿದ ದೆಹಲಿಯ ಸಮ್ಮೇಳನವನ್ನೇ ನೋಡಿ. ಅದು ಅಂತರರಾಷ್ಟ್ರೀಯ ಆಸ್ಟ್ರೊನಾಟಿಕಲ್ ಫೆಡರೇಷನ್ನಿನ ಕಾರ್ಯಕ್ರಮ. ಆತಿಥ್ಯ ಇಸ್ರೋ ಮತ್ತು ಆಸ್ಟ್ರೊನಾಟಿಕಲ್ ಸೊಸೈಟಿ ಆಫ್ ಇಂಡಿಯಾ (ಎಎಸ್‌ಐ) ಸಂಘದ್ದು. (ಇದೇ ಎಎಸ್‌ಐ ಅನ್ನುವ ಅಕ್ಷರಗಳಿರುವ ಇನ್ನೊಂದು ಸಂಘ 1972ರಲ್ಲಿ ಹುಟ್ಟಿದ ಭಾರತೀಯ ಖಗೋಳ ಸಂಘ. ಅದು ರಾಕೆಟ್‌ಗಳದ್ದಲ್ಲ, ನಕ್ಷತ್ರಗಳನ್ನು ಓದುವವರದ್ದು. ಸುದ್ದಿಗಳಲ್ಲಿ ಎರಡೂ ಬೆರೆತುಹೋಗುತ್ತವೆ, ಹಾಗಾಗಿ ಹೇಳಬೇಕಾಯಿತು.)

ನಮ್ಮ ರಾಜ್ಯದಲ್ಲೇ ಒಂದು ಒಳ್ಳೆಯ ಉದಾಹರಣೆ ಇದೆ. ಕೋಸ್ಪಾರ್ ಅನ್ನುವುದು 1958ರಲ್ಲಿ ಶುರುವಾದ, ಬಾಹ್ಯಾಕಾಶ ಸಂಶೋಧನೆಯ ಅಂತರರಾಷ್ಟ್ರೀಯ ಸಮಿತಿ. ಎರಡು ವರ್ಷಕ್ಕೊಮ್ಮೆ ಅದರ ಮಹಾಸಭೆ ನಡೆಯುತ್ತದೆ. 2012ರ ಜುಲೈ 14ರಿಂದ 22ರವರೆಗೆ ಅದರ 39ನೇ ಮಹಾಸಭೆ ನಡೆದದ್ದು ಮೈಸೂರಿನಲ್ಲಿ. ವಿಜ್ಞಾನದ ಹೊಣೆ ಕೋಸ್ಪಾರ್‌ನದ್ದು, ದೇಶದ ಕಡೆಯಿಂದ ಇಸ್ರೋ, ಜಾಗ ಇನ್ಫೋಸಿಸ್ ಕ್ಯಾಂಪಸ್ಸಿನದ್ದು. ಒಂಬತ್ತು ದಿನ ಜಗತ್ತಿನ ವಿಜ್ಞಾನಿಗಳನ್ನು ಇಟ್ಟುಕೊಳ್ಳಲು ರಾಜಧಾನಿಯೇ ಬೇಕು ಅಂತೇನೂ ಇಲ್ಲ. ಒಂದೇ ಆವರಣದಲ್ಲಿ ಸಭಾಂಗಣವೂ ಇರಬೇಕು, ಕೋಣೆಗಳೂ ಇರಬೇಕು. ಯಾರು ಏನು ಕೊಡುತ್ತಾರೆ ಅನ್ನುವುದು ಮೊದಲೇ ಗೊತ್ತಿರಬೇಕು.

ಈ ಮಾತುಕತೆ ತುಂಬ ಮೊದಲೇ ಶುರುವಾಗುತ್ತದೆ. ಅಂತರರಾಷ್ಟ್ರೀಯ ಖಗೋಳ ಒಕ್ಕೂಟ 2024ರ ಮಹಾಸಭೆಗೆ ಕೇಪ್‌ಟೌನ್ ಊರನ್ನು ಘೋಷಿಸಿದ್ದು 2018ರಲ್ಲಿ. ಆಫ್ರಿಕಾ ಖಂಡದಲ್ಲಿ ಅದರ ಮೊದಲ ಮಹಾಸಭೆ ಅದು. ಆರು ವರ್ಷ ಮುಂಚೆ ಮಾತು ಕೊಡುವುದು ಅಂದರೆ, ಕುಲಪತಿ ಬದಲಾದರೂ ಸರ್ಕಾರ ಬದಲಾದರೂ ಆ ಮಾತು ಉಳಿಯಬೇಕು. ನಮ್ಮ ಎಷ್ಟೋ ವಿಶ್ವವಿದ್ಯಾಲಯಗಳು ಎಡವುವುದು ಇಲ್ಲೇ.

ಲೆಕ್ಕ ಹಾಕಿದರೆ ತಿಳಿಯುತ್ತದೆ

ದೊಡ್ಡ ಸಭೆ ಬಿಡೋಣ. 120 ಜನರ ನಾಲ್ಕು ದಿನದ ಕಾರ್ಯಾಗಾರ ಅಂದುಕೊಳ್ಳಿ. ಅವರಲ್ಲಿ 40 ಮಂದಿ ವಿದ್ಯಾರ್ಥಿಗಳು. ಮುಂದಿನ ಅಂಕಿಗಳು ವಿಷಯ ತಿಳಿಯಲು ನಾವು ಇಟ್ಟುಕೊಂಡ ಅಂದಾಜು ಮಾತ್ರ. ಯಾವುದೇ ಸಂಸ್ಥೆಯ ಲೆಕ್ಕವಲ್ಲ.

ಊಟ ವಸತಿಗೆ ತಲೆಗೆ ದಿನಕ್ಕೆ 2,500 ರೂಪಾಯಿ ಹಿಡಿದರೆ 12 ಲಕ್ಷ. ವಿದ್ಯಾರ್ಥಿಗಳಿಗೆ ತಲಾ 8,000 ರೂಪಾಯಿ ಪ್ರಯಾಣ ನೆರವು ಕೊಟ್ಟರೆ 3 ಲಕ್ಷ 20 ಸಾವಿರ. ಆಹ್ವಾನಿತ ಭಾಷಣಕಾರರ ಪ್ರಯಾಣಕ್ಕೆ 5 ಲಕ್ಷ. ಸಭಾಂಗಣ, ಇಂಟರ್ನೆಟ್, ಜನರೇಟರ್, ಬಸ್ಸಿಗೆ ಎರಡೂವರೆ ಲಕ್ಷ. ಚಿಲ್ಲರೆ ಖರ್ಚು ಒಂದು ಲಕ್ಷ. ಒಟ್ಟು 23 ಲಕ್ಷ 70 ಸಾವಿರ.

ಬರುವುದು ಎಷ್ಟು? 80 ಜನರಿಂದ ತಲಾ 8,000 ಶುಲ್ಕ ತೆಗೆದುಕೊಂಡರೆ 6 ಲಕ್ಷ 40 ಸಾವಿರ. ವಿದ್ಯಾರ್ಥಿಗಳಿಂದ ತಲಾ 2,000 ಅಂದರೆ 80 ಸಾವಿರ. ಎರಡೂ ಸೇರಿ 7 ಲಕ್ಷ 20 ಸಾವಿರ. ಉಳಿದ 16 ಲಕ್ಷ 50 ಸಾವಿರವನ್ನು ಬೇರೆ ಯಾರಾದರೂ ಕೊಡಬೇಕು.

ಅನುದಾನ ಸಿಗುವ ದಾರಿಗಳಿವೆ. ವಿಶ್ವವಿದ್ಯಾಲಯಗಳ ಸಂಶೋಧನೆಗೆ ಹಣ ಕೊಡುವ ಇಸ್ರೋದ ರೆಸ್ಪಾಂಡ್ ಯೋಜನೆಯಲ್ಲಿ ಸಮ್ಮೇಳನ, ಕಾರ್ಯಾಗಾರಗಳಿಗೂ ನೆರವು ಇದೆ. ಆದರೆ ಇಂಥ ನೆರವು ಸಾಮಾನ್ಯವಾಗಿ ಖರ್ಚಿನ ಒಂದು ಭಾಗಕ್ಕೆ ಮಾತ್ರ ಆಗುತ್ತದೆ. ಇನ್ನೊಂದು ತೊಡಕು ಸಮಯದ್ದು. ಹೋಟೆಲ್ಲಿಗೆ, ಅಡುಗೆಯವರಿಗೆ ಮುಂಗಡ ಈಗಲೇ ಕೊಡಬೇಕು. ಅನುದಾನದ ಹಣ ಎಷ್ಟೋ ಸಲ ಕಾರ್ಯಕ್ರಮ ಮುಗಿದು, ಬಿಲ್ಲುಗಳೆಲ್ಲ ಹೋಗಿ, ಹಣ ಬಳಸಿದ್ದಕ್ಕೆ ಪ್ರಮಾಣಪತ್ರ (ಯುಟಿಲೈಸೇಷನ್ ಸರ್ಟಿಫಿಕೇಟ್) ಸಲ್ಲಿಸಿದ ಮೇಲೆ ಪೂರ್ತಿ ಬರುತ್ತದೆ. ನಡುವಿನ ತಿಂಗಳುಗಳಲ್ಲಿ ಯಾರ ಖಾತೆಯಲ್ಲಿ ದುಡ್ಡು ಇರುತ್ತದೋ ಅವರೇ ನಿಜವಾದ ಆತಿಥೇಯರು. ದೊಡ್ಡ ಸಂಶೋಧನಾ ಸಂಸ್ಥೆಗೆ ಇದು ಕಷ್ಟವಲ್ಲ. ಜಿಲ್ಲೆಯ ಕಾಲೇಜಿನ ಭೌತಶಾಸ್ತ್ರ ವಿಭಾಗಕ್ಕೆ ಇದು ಬೆಟ್ಟದಷ್ಟು ದೊಡ್ಡದು.

ಹಾಗಾದರೆ ಕಂಪನಿಗಳನ್ನು ಕೇಳಬಹುದಲ್ವಾ? ಕೇಳಬಹುದು. 2020ರಲ್ಲಿ ಬಾಹ್ಯಾಕಾಶ ಕ್ಷೇತ್ರ ಖಾಸಗಿಯವರಿಗೆ ತೆರೆದುಕೊಂಡ ಮೇಲೆ, 2023ರ ಬಾಹ್ಯಾಕಾಶ ನೀತಿ ಬಂದ ಮೇಲೆ ದುಡ್ಡು ಕೊಡಬಲ್ಲ ಕಂಪನಿಗಳು ಹೆಚ್ಚಾಗಿವೆ. ಆದರೆ ಕಂಪನಿ ದುಡ್ಡು ಹಾಕುವುದು ತನ್ನ ಗಿರಾಕಿ ಸಿಗುವ ಕಡೆ. ಉಪಗ್ರಹದ ಬಿಡಿಭಾಗ, ಉಡಾವಣೆ, ಭೂಚಿತ್ರಗಳ ಮೇಳಕ್ಕೆ ಪ್ರಾಯೋಜಕರು ಬರುತ್ತಾರೆ. ಸೂರ್ಯನಿಂದ ಬರುವ ರೇಡಿಯೋ ಅಲೆಗಳ ಬಗ್ಗೆ ನಾಲ್ಕು ದಿನ ಚರ್ಚೆ ಮಾಡುವ ಸಭೆಯಲ್ಲಿ ಮಳಿಗೆ ಹಾಕಿ ಏನು ಮಾರುತ್ತಾರೆ? ಹೀಗಾಗಿ ಮೂಲ ವಿಜ್ಞಾನದ ಸಭೆಗಳೇ ಆತಿಥೇಯರಿಗಾಗಿ ಜಾಸ್ತಿ ಹುಡುಕಾಡಬೇಕಾಗುತ್ತದೆ.

ವಿಜ್ಞಾನ ಕಾಂಗ್ರೆಸ್‌ಗೆ ಆದದ್ದು ಏನು

109ನೇ ಅಧಿವೇಶನ ಮೊದಲು ಲಖನೌ ವಿಶ್ವವಿದ್ಯಾಲಯದಲ್ಲಿ ಅಂತ ಆಗಿತ್ತು. ಆಮೇಲೆ ಪಂಜಾಬಿನ ಒಂದು ಖಾಸಗಿ ವಿಶ್ವವಿದ್ಯಾಲಯಕ್ಕೆ ಬದಲಾಯಿತು. ಮುಖ್ಯವಾಗಿ ಹಣ ಕೊಡುತ್ತಿದ್ದದ್ದು ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ. ತನ್ನ ಒಪ್ಪಿಗೆ ಇಲ್ಲದೆ ಜಾಗ ಬದಲಾಯಿಸಿದ್ದೂ ಸೇರಿ ಹಲವು ಆಕ್ಷೇಪ ಎತ್ತಿ ಇಲಾಖೆ 2023ರ ಸೆಪ್ಟೆಂಬರ್‌ನಲ್ಲಿ ನೆರವು ನಿಲ್ಲಿಸಿತು. ಹಣಕಾಸಿನ ಅವ್ಯವಹಾರದ ಮಾತೂ ಬಂತು. ಸಂಘಟಕರು ಅದನ್ನು ಒಪ್ಪಲಿಲ್ಲ, ವಿಷಯ ನ್ಯಾಯಾಲಯಕ್ಕೆ ಹೋಯಿತು. ಡಿಸೆಂಬರ್‌ನಲ್ಲಿ ಆತಿಥೇಯ ವಿಶ್ವವಿದ್ಯಾಲಯವೂ ಕೈಬಿಟ್ಟಿತು.

ಸರಿ ಯಾರು, ತಪ್ಪು ಯಾರು ಅನ್ನುವುದು ಬೇರೆ ಮಾತು. ಇಲ್ಲಿ ಗಮನಿಸಬೇಕಾದದ್ದು ಕೊಂಡಿ ಕಳಚಿದ ಕ್ರಮ. ದುಡ್ಡು ಕೊಡುವವರಿಗೂ ಕಾರ್ಯಕ್ರಮ ಮಾಡುವವರಿಗೂ ಜಾಗದ ಬಗ್ಗೆ ಒಮ್ಮತ ಇರಲಿಲ್ಲ. ಅನುದಾನ ನಿಂತ ಕೂಡಲೇ ಜಾಗ ಕೊಡುವವರ ಮೇಲೆ ಇಡೀ ಭಾರ ಬಿತ್ತು. ಅದಕ್ಕೆ ಯಾರೂ ಮೊದಲೇ ಒಪ್ಪಿಕೊಂಡಿರಲಿಲ್ಲ. ನೂರು ವರ್ಷ ದಾಟಿದ ಸಂಸ್ಥೆಯ ಅಧಿವೇಶನ ಕೆಲವೇ ತಿಂಗಳಲ್ಲಿ ನಿಂತಿತು. 2016ರಲ್ಲಿ ಮೈಸೂರಿನಲ್ಲಿ, 2020ರಲ್ಲಿ ಬೆಂಗಳೂರಿನ ಜಿಕೆವಿಕೆಯಲ್ಲಿ ಇದೇ ಕಾಂಗ್ರೆಸ್ ನಡೆದದ್ದು ಹಲವರಿಗೆ ನೆನಪಿರಬಹುದು.

ಆತಿಥೇಯರ ಕಟ್ಟಳೆಯೇ ಸಭೆಯ ಕಟ್ಟಳೆ

ದುಡ್ಡಿನ ಆಚೆಗೂ ಒಂದು ತೊಡಕು ಇದೆ. ಯಾರ ಅಂಗಳದಲ್ಲಿ ಸಭೆ ನಡೆಯುತ್ತದೋ ಅವರ ನಿಯಮ ಎಲ್ಲರಿಗೂ ಅನ್ವಯಿಸುತ್ತದೆ.

2013ರಲ್ಲಿ ಅಮೆರಿಕದಲ್ಲಿ ಕೆಪ್ಲರ್ ದೂರದರ್ಶಕದ ಬಗ್ಗೆ ಒಂದು ವಿಜ್ಞಾನ ಸಮ್ಮೇಳನ ಇತ್ತು. ಜಾಗ ಕ್ಯಾಲಿಫೋರ್ನಿಯಾದಲ್ಲಿರುವ ನಾಸಾದ ಏಮ್ಸ್ ಕೇಂದ್ರ. ನಾಸಾ ಮತ್ತು ಚೀನಾದ ನಡುವಿನ ಸಹಕಾರಕ್ಕೆ ಅಲ್ಲಿನ ಕಾನೂನು 2011ರಿಂದ ತಡೆ ಹಾಕಿತ್ತು. ಅದನ್ನು ತೋರಿಸಿ ಚೀನಾದ ವಿಜ್ಞಾನಿಗಳಿಗೆ ಪ್ರವೇಶ ಇಲ್ಲ ಅಂದರು. ಅಮೆರಿಕದ ಖಗೋಳ ವಿಜ್ಞಾನಿಗಳೇ ಪ್ರತಿಭಟಿಸಿ, ನಾವೂ ಬರುವುದಿಲ್ಲ ಅಂದರು. ಕೊನೆಗೆ ನಾಸಾ ತನ್ನ ನಿಲುವು ಬದಲಾಯಿಸಿತು. ಅದೇ ಸಭೆ ಪಕ್ಕದ ಯಾವುದಾದರೂ ವಿಶ್ವವಿದ್ಯಾಲಯದಲ್ಲಿ ಇದ್ದಿದ್ದರೆ ಈ ಜಗಳವೇ ಬರುತ್ತಿರಲಿಲ್ಲ.

ನಮ್ಮಲ್ಲೂ ಇದೆ. ವಿದೇಶಿಯರು ಬರುವ ಸಮ್ಮೇಳನಕ್ಕೆ ವಿದೇಶಾಂಗ ಮತ್ತು ಗೃಹ ಸಚಿವಾಲಯಗಳ ಅನುಮತಿ ಬೇಕಾಗುತ್ತದೆ. ಬರುವವರಿಗೆ ಕಾನ್ಫರೆನ್ಸ್ ವೀಸಾ ಬೇಕು. ವಿದೇಶಿ ಸಂಸ್ಥೆಯಿಂದ ದೇಣಿಗೆ ಪಡೆಯುವ ಸಂಘಕ್ಕೆ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ (ಎಫ್‌ಸಿಆರ್‌ಎ) ನೋಂದಣಿ ಬೇಕು. 2021ರ ಜನವರಿಯಲ್ಲಿ ಆನ್‌ಲೈನ್ ಸಭೆಗಳಿಗೂ ಬಿಗಿ ನಿಯಮ ಬಂತು. ವಿಜ್ಞಾನ ಅಕಾಡೆಮಿಗಳು ಆಕ್ಷೇಪಿಸಿ ಪತ್ರ ಬರೆದವು. ಮುಂದಿನ ತಿಂಗಳೇ ಸರ್ಕಾರ ಅದನ್ನು ಹಿಂದಕ್ಕೆ ತೆಗೆದುಕೊಂಡಿತು.

ದೇಶದ ಭದ್ರತೆ ನೋಡಬೇಕಾದದ್ದು ಸರ್ಕಾರದ ಕೆಲಸ, ಸರಿ. ಆದರೆ ಈ ಕಡತಗಳ ಹಿಂದೆ ಓಡಾಡಲು ಅನುಭವ ಇರುವ ಕಚೇರಿ ಬೇಕು. ಬೆಂಗಳೂರಿನ ದೊಡ್ಡ ಸಂಸ್ಥೆಗಳಲ್ಲಿ ಅಂಥ ಕಚೇರಿ ಇದೆ. ಜಿಲ್ಲಾ ಕಾಲೇಜಿನಲ್ಲಿ ಪ್ರಾಂಶುಪಾಲರು, ಒಬ್ಬ ಸೂಪರಿಂಟೆಂಡೆಂಟ್, ಅಷ್ಟೇ.

ಯಾರ ಕೈಯಲ್ಲೂ ಇಲ್ಲದ ಅನಾಹುತಗಳೂ ಇವೆ. 2016ರಲ್ಲಿ ಕೋಸ್ಪಾರ್ ಮಹಾಸಭೆ ಇಸ್ತಾಂಬುಲ್‌ನಲ್ಲಿ ಜುಲೈ 30ಕ್ಕೆ ಶುರುವಾಗಬೇಕಿತ್ತು. ಜುಲೈ 15ರಂದು ಟರ್ಕಿಯಲ್ಲಿ ಸೇನಾ ದಂಗೆಯ ಪ್ರಯತ್ನ ನಡೆಯಿತು. ಮಹಾಸಭೆ ರದ್ದಾಯಿತು. ಅಂಥ ಹೊತ್ತಿನಲ್ಲಿ ಮುಂಗಡ ಕೊಟ್ಟ ಹಣ ಯಾರದ್ದು ಅನ್ನುವ ಪ್ರಶ್ನೆಗೆ ಉತ್ತರ ಒಪ್ಪಂದದ ಕಾಗದದಲ್ಲೇ ಇರಬೇಕು.

ಎಲ್ಲಿ ನಡೆಸಬೇಕು: ಒಪ್ಪದ ಮಾತುಗಳು

ಮಹಾನಗರದ ದೊಡ್ಡ ಸಭಾಂಗಣವೇ ಸರಿ ಅನ್ನುವವರ ವಾದದಲ್ಲಿ ಹುರುಳಿದೆ. ನೇರ ವಿಮಾನ, ಸಾಕಷ್ಟು ಕೋಣೆಗಳು, ಭದ್ರತೆ, ಕೈಕೊಡದ ವಿದ್ಯುತ್ತು. ಆದರೆ ಬಾಡಿಗೆ ಹೆಚ್ಚಾದಷ್ಟೂ ಶುಲ್ಕ ಹೆಚ್ಚುತ್ತದೆ. ಶುಲ್ಕ ಹೆಚ್ಚಿದರೆ ಮೊದಲು ಬಿಟ್ಟುಹೋಗುವವರು ಸಣ್ಣ ಊರಿನ ಸಂಶೋಧನಾ ವಿದ್ಯಾರ್ಥಿಗಳು.

ಊರೂರು ಸುತ್ತಬೇಕು ಅನ್ನುವವರು ರಾಷ್ಟ್ರೀಯ ಬಾಹ್ಯಾಕಾಶ ವಿಜ್ಞಾನ ವಿಚಾರ ಸಂಕಿರಣವನ್ನು ತೋರಿಸುತ್ತಾರೆ. ಇಸ್ರೋ ಬೆಂಬಲದ ಈ ಸಭೆ 2014ರಲ್ಲಿ ಅಸ್ಸಾಮಿನ ದಿಬ್ರುಗಢ ವಿಶ್ವವಿದ್ಯಾಲಯದಲ್ಲಿ, 2019ರಲ್ಲಿ ಪುಣೆಯಲ್ಲಿ, 2024ರಲ್ಲಿ ಗೋವಾ ವಿಶ್ವವಿದ್ಯಾಲಯದಲ್ಲಿ ನಡೆಯಿತು. ಇಸ್ರೋ ಹಿಂದೆ ನಿಂತಿರುವುದರಿಂದ ವಿಶ್ವವಿದ್ಯಾಲಯ ಒಂಟಿಯಾಗಿ ಹೊರೆ ಹೊರಬೇಕಿಲ್ಲ. ನನ್ನ ಮಟ್ಟಿಗೆ ನಮ್ಮ ಜಿಲ್ಲೆಗಳು ನೋಡಿ ಕಲಿಯಬೇಕಾದದ್ದು ಈ ಮಾದರಿಯನ್ನು.

ಎಲ್ಲವನ್ನೂ ಆನ್‌ಲೈನ್ ಮಾಡಿ ಅನ್ನುವ ಮಾತೂ ಇದೆ. 2020ರಲ್ಲಿ ಸಿಡ್ನಿಯಲ್ಲಿ ಆಗಬೇಕಿದ್ದ ಕೋಸ್ಪಾರ್ ಮಹಾಸಭೆ ಕೊರೊನಾದಿಂದಾಗಿ 2021ರ ಆರಂಭಕ್ಕೆ ಹೋಯಿತು. ಬಹುತೇಕರು ಪರದೆಯ ಮೂಲಕವೇ ಸೇರಿದರು. ಖರ್ಚು ಉಳಿಯುತ್ತದೆ, ನಿಜ. ಆದರೆ ಬಿ.ಎಸ್ಸಿ. ಓದುವ ಹುಡುಗಿ ಟೀ ವಿರಾಮದಲ್ಲಿ ವಿಜ್ಞಾನಿಯ ಪಕ್ಕ ನಿಂತು, ‘ಸರ್, ನಿಮ್ಮಲ್ಲಿ ಪ್ರಾಜೆಕ್ಟ್ ಮಾಡಬಹುದಾ’ ಅಂತ ಕೇಳುವ ಅವಕಾಶ ಪರದೆಯಲ್ಲಿ ಸಿಗುವುದಿಲ್ಲ.

ಚಿಕ್ಕಬಳ್ಳಾಪುರದ ಕೈಯಲ್ಲಿ ಏನಿದೆ

ಗೌರಿಬಿದನೂರಿನ ವೀಕ್ಷಣಾ ಕೇಂದ್ರವೇ ಒಂದು ಜೊತೆಗಾರಿಕೆಯ ಫಲ. ಭಾರತೀಯ ಖಗೋಳ ಭೌತವಿಜ್ಞಾನ ಸಂಸ್ಥೆ ಮತ್ತು ರಾಮನ್ ಸಂಶೋಧನಾ ಸಂಸ್ಥೆ ಸೇರಿ ಕಟ್ಟಿದ ದೂರದರ್ಶಕ ಅದು. ಇಂಗ್ಲಿಷಿನ ಟಿ ಅಕ್ಷರದಂತೆ ಹರಡಿದ ಸಾವಿರ ಆಂಟೆನಾಗಳು. ಪೂರ್ವ-ಪಶ್ಚಿಮ ತೋಳು ಸುಮಾರು 1.4 ಕಿ.ಮೀ. ಉದ್ದ. 34.5 ಮೆಗಾಹರ್ಟ್ಸ್ ಆವರ್ತನದಲ್ಲಿ ಆಕಾಶದ ನಕ್ಷೆ ತಯಾರಾದದ್ದು ಇಲ್ಲಿಂದ. 1997ರಿಂದ ಇಲ್ಲಿ ರೇಡಿಯೋಹೀಲಿಯೋಗ್ರಾಫ್ ಕೂಡ ಇದೆ. ಸೂರ್ಯನ ಹೊರ ಆವರಣವಾದ ಕರೋನಾದ ಚಿತ್ರವನ್ನು ರೇಡಿಯೋ ಅಲೆಗಳಲ್ಲಿ ತೆಗೆಯುವುದು ಅದರ ಕೆಲಸ.

2023ರ ಸೆಪ್ಟೆಂಬರ್ 2ರಂದು ಹಾರಿದ ಆದಿತ್ಯ-ಎಲ್1 ನೌಕೆಯ ಮುಖ್ಯ ಉಪಕರಣವೂ ಕರೋನಾವನ್ನೇ ನೋಡುತ್ತದೆ, ಬೆಳಕಿನಲ್ಲಿ. ಅದನ್ನು ಮಾಡಿದ್ದೂ ಇದೇ ಖಗೋಳ ಭೌತವಿಜ್ಞಾನ ಸಂಸ್ಥೆ. ಆಕಾಶದಿಂದ ಒಂದು ಕಣ್ಣು, ಗೌರಿಬಿದನೂರಿನಿಂದ ಇನ್ನೊಂದು. ಸಮ್ಮೇಳನಕ್ಕೆ ವಿಷಯ ಬೇರೆ ಎಲ್ಲೂ ಹುಡುಕಬೇಕಾಗಿಲ್ಲ.

ಪಕ್ಕದ ಕೋಲಾರದ ಇತಿಹಾಸವೂ ಇದೆ. 2007ರವರೆಗೆ ಎರಡೂ ಒಂದೇ ಜಿಲ್ಲೆ. ಕೆಜಿಎಫ್ ಚಿನ್ನದ ಗಣಿಯಲ್ಲಿ, ಎರಡು ಕಿಲೋಮೀಟರ್‌ಗಿಂತ ಆಳದಲ್ಲಿ, 1965ರಲ್ಲಿ ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೋ ಅನ್ನುವ ಅತಿ ಸೂಕ್ಷ್ಮ ಕಣಗಳ ಗುರುತು ಸಿಕ್ಕಿತು. ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಜಪಾನಿನ ಒಸಾಕಾ ಸಿಟಿ ವಿಶ್ವವಿದ್ಯಾಲಯ, ಇಂಗ್ಲೆಂಡಿನ ಡರ್ಹಾಮ್ ವಿಶ್ವವಿದ್ಯಾಲಯ ಸೇರಿ ಮಾಡಿದ ಕೆಲಸ ಅದು. ಗಣಿ ಜಾಗ ಕೊಟ್ಟಿತು, ವಿಜ್ಞಾನಿಗಳು ಉಪಕರಣ ತಂದರು. ಈ ಸೀಮೆಗೆ ಅಂತರರಾಷ್ಟ್ರೀಯ ಜೊತೆಗಾರಿಕೆ ಹೊಸದಲ್ಲ.

ಇಷ್ಟಿದ್ದೂ ಸಭೆ ಯಾಕೆ ಬರುವುದಿಲ್ಲ? ಮೊದಲ ಕಾರಣ ಬೆಂಗಳೂರು ತೀರಾ ಹತ್ತಿರ ಇರುವುದು. ಬಂದವರು ಬೆಂಗಳೂರಿನಲ್ಲೇ ಉಳಿದು, ಒಂದು ದಿನ ಬಸ್ಸಿನಲ್ಲಿ ಗೌರಿಬಿದನೂರು ನೋಡಿ ವಾಪಸ್ ಹೋಗಬಹುದು. ಆಗ ಖರ್ಚೂ ಮಾತುಕತೆಯೂ ನಗರದಲ್ಲೇ ಉಳಿಯುತ್ತವೆ.

ಎರಡನೆಯದು ಜನ. ಸಮ್ಮೇಳನದ ಸಂಚಾಲಕರು ಕಡೇಪಕ್ಷ ಎರಡು ವರ್ಷ ಅದೇ ಹುದ್ದೆಯಲ್ಲಿ ಇರಬೇಕು. ನಮ್ಮ ಸರ್ಕಾರಿ ಪದವಿ ಕಾಲೇಜುಗಳಲ್ಲಿ ಪಾಠದ ದೊಡ್ಡ ಪಾಲು ಅತಿಥಿ ಉಪನ್ಯಾಸಕರ ಮೇಲಿದೆ. ಮುಂದಿನ ವರ್ಷ ಕೆಲಸ ಇರುತ್ತದೋ ಇಲ್ಲವೋ ಅಂತ ಗೊತ್ತಿಲ್ಲದವರು ಮುಂದಿನ ವರ್ಷದ ಸಭೆಗೆ ಹೇಗೆ ಸಹಿ ಹಾಕುತ್ತಾರೆ? ಖಾಲಿ ಹುದ್ದೆ ತುಂಬುವುದಕ್ಕೂ ಬಾಹ್ಯಾಕಾಶ ಸಮ್ಮೇಳನಕ್ಕೂ ಸಂಬಂಧ ಇಲ್ಲ ಅನ್ನಿಸಬಹುದು. ನೇರ ಸಂಬಂಧ ಇದೆ.

ಮೂರನೆಯದು ಹೆಚ್ಚಿನವರಿಗೆ ಹೊಳೆಯುವುದಿಲ್ಲ. ರೇಡಿಯೋ ದೂರದರ್ಶಕದ ಅಂಗಳದಲ್ಲಿ ಜನಜಾತ್ರೆ ಸೇರಿಸುವ ಹಾಗಿಲ್ಲ. ಅದು ಹಿಡಿಯುವ ಸಂಕೇತಗಳು ಅತಿ ಕ್ಷೀಣ. ಜನರೇಟರ್, ವಾಹನಗಳ ಕಿಡಿ, ಅಗ್ಗದ ಎಲ್‌ಇಡಿ ದೀಪ, ಎಲೆಕ್ಟ್ರಾನಿಕ್ ಸಾಮಾನು ಎಲ್ಲವೂ ರೇಡಿಯೋ ಗದ್ದಲ ಎಬ್ಬಿಸುತ್ತವೆ. ಅಲ್ಲೇ ಶಾಮಿಯಾನ ಹಾಕಿ ಮೈಕ್ ಕಟ್ಟಿದರೆ ಯಾವುದನ್ನು ನೋಡಲು ಬಂದೆವೋ ಅದನ್ನೇ ಕೆಡಿಸಿದ ಹಾಗೆ. ಆದ್ದರಿಂದ ಸಭೆ ಚಿಕ್ಕಬಳ್ಳಾಪುರದಲ್ಲೋ ಮುದ್ದೇನಹಳ್ಳಿಯಲ್ಲೋ ಆಗಬೇಕು. ಕೇಂದ್ರಕ್ಕೆ ಸಣ್ಣ ಗುಂಪುಗಳಲ್ಲಿ ಹೋಗಿ ಬರಬೇಕು.

ಹಾಗಾದರೆ ಒಪ್ಪಂದ ಹೇಗಿರಬೇಕು

ಜಿಲ್ಲೆಗೆ ಕೋಸ್ಪಾರ್ ಮಹಾಸಭೆ ಬರಲಿ ಅಂತ ಆಸೆಪಡುವುದರಲ್ಲಿ ಸದ್ಯಕ್ಕೆ ಅರ್ಥವಿಲ್ಲ. ನೂರು-ನೂರಿಪ್ಪತ್ತು ಜನರ, ಸೌರ ರೇಡಿಯೋ ವಿಜ್ಞಾನದ ಕಾರ್ಯಾಗಾರ ಮಾಡಬಹುದು. ವಿಜ್ಞಾನದ ಹೊಣೆ ಬೆಂಗಳೂರಿನ ಸಂಶೋಧನಾ ಸಂಸ್ಥೆಯದ್ದಿರಲಿ. ಅನುಮತಿ, ವೀಸಾ ಪತ್ರಗಳನ್ನೂ ಅವರ ಕಚೇರಿಯೇ ನೋಡಲಿ. ಜಾಗಕ್ಕೆ ಮುದ್ದೇನಹಳ್ಳಿಯ ವಿಟಿಯು ಸ್ನಾತಕೋತ್ತರ ಕೇಂದ್ರವನ್ನೋ ಚಿಕ್ಕಬಳ್ಳಾಪುರದ ಇಂಜಿನಿಯರಿಂಗ್ ಕಾಲೇಜನ್ನೋ ಕೇಳಬಹುದು. ಪದವಿ ಕಾಲೇಜುಗಳನ್ನು ಜೋಡಿಸುವ ಕೆಲಸ ಕೋಲಾರದ ಟಮಕದಲ್ಲಿ ಕಚೇರಿ ಇರುವ ಬೆಂಗಳೂರು ಉತ್ತರ ವಿಶ್ವವಿದ್ಯಾಲಯಕ್ಕೆ ಸಹಜವಾಗಿ ಒಪ್ಪುತ್ತದೆ. ದಿನಾಂಕ ಸೋಮವಾರದಿಂದ ಗುರುವಾರ ಇಟ್ಟುಕೊಂಡರೆ ನಂದಿಬೆಟ್ಟದ ವಾರಾಂತ್ಯದ ನೂಕುನುಗ್ಗಲು ತಪ್ಪುತ್ತದೆ.

ಸಹಿ ಹಾಕುವ ಮುಂಚೆ ಕಾಗದದ ಮೇಲೆ ಬರಬೇಕಾದ ಮಾತುಗಳು ಹೆಚ್ಚೇನಿಲ್ಲ. ಅನುದಾನ ತಡವಾದರೆ ಮುಂಗಡ ಯಾರು ಕೊಡುತ್ತಾರೆ. ನಷ್ಟವಾದರೆ ಯಾರಿಗೆ ಎಷ್ಟು ಪಾಲು. ಜಾಗ ಬದಲಾಯಿಸಲು ಯಾರ ಒಪ್ಪಿಗೆ ಬೇಕು. ಒಬ್ಬರು ಹಿಂದೆ ಸರಿದರೆ ಎಷ್ಟು ತಿಂಗಳ ಮೊದಲು ತಿಳಿಸಬೇಕು. ಪ್ರಾಯೋಜಕರಿಗೆ ಕಾರ್ಯಕ್ರಮದ ಪಟ್ಟಿಯಲ್ಲಿ ಕೈಯಾಡಿಸಲು ಬಿಡುತ್ತಾರೋ ಇಲ್ಲವೋ. ಬಿಡಬಾರದು ಅನ್ನುವುದು ನನ್ನ ಖಚಿತ ಅಭಿಪ್ರಾಯ.

ಇನ್ನೊಂದು ಸಾಲು ಇರಲೇಬೇಕು. ಸ್ಥಳೀಯ ಕಾಲೇಜಿನವರು ಬರೀ ಜಾಗ ಕೊಟ್ಟವರಾಗಿ ಉಳಿಯಬಾರದು. ಎಷ್ಟೋ ಕಡೆ ಉದ್ಘಾಟನೆ, ಹಾರ, ಶಾಲು, ಸನ್ಮಾನದಲ್ಲಿ ಅರ್ಧ ದಿನ ಹೋಗುತ್ತದೆ. ಅದೇ ಕಾಲೇಜಿನ ಮಕ್ಕಳು ಬ್ಯಾಡ್ಜ್ ಹಾಕಿಕೊಂಡು ನೀರಿನ ಬಾಟಲಿ ಹಂಚುತ್ತಾ ಸುಮ್ನೆ ಹೊರಗೆ ನಿಂತಿರುತ್ತಾರೆ. ಒಳಗೆ ಏನು ಮಾತಾಡಿದರು ಅಂತ ಅವರಿಗೆ ಗೊತ್ತೇ ಆಗುವುದಿಲ್ಲ. ವೈಜ್ಞಾನಿಕ ಸಮಿತಿಯಲ್ಲಿ ಜಿಲ್ಲೆಯ ಒಬ್ಬ ಅಧ್ಯಾಪಕರು, ಸಭಾಂಗಣದೊಳಗೆ ಜಿಲ್ಲೆಯ ಪದವಿ ವಿದ್ಯಾರ್ಥಿಗಳಿಗೆ ಇಷ್ಟು ಕುರ್ಚಿ, ಮೊದಲ ದಿನ ಅವರಿಗಾಗಿ ಕನ್ನಡದಲ್ಲೇ ಒಂದು ಪೀಠಿಕೆಯ ಪಾಠ: ಇವನ್ನು ಒಪ್ಪಂದದಲ್ಲೇ ಬರೆಸಬೇಕು. ಗೌರಿಬಿದನೂರಿನ ಬಿ.ಎಸ್ಸಿ. ವಿದ್ಯಾರ್ಥಿಗೆ ತನ್ನ ತಾಲ್ಲೂಕಿನ ಆಂಟೆನಾಗಳು ಇವತ್ತು ಸೂರ್ಯನಲ್ಲಿ ಏನು ಕಂಡವು ಅಂತ ಅದನ್ನು ನಡೆಸುವವರ ಬಾಯಿಂದಲೇ ಕೇಳಲು ಆ ಒಂದು ಕುರ್ಚಿ ಸಾಕು.